ಕಬ್ಬಿಣದ ಬಾಣಲೆ, ದೋಸೆಯ ಹೆಂಚು ಮತ್ತು ತಾಯಿಯ ರಕ್ತ



ವಯಸ್ಕ ಮನುಷ್ಯನ ದೇಹದಲ್ಲಿರುವ ಕಬ್ಬಿಣವನ್ನೆಲ್ಲ ಒಂದುಗೂಡಿಸಿದರೆ ಅದು 3ರಿಂದ 4 ಗ್ರಾಂ ಮಾತ್ರ. ಒಂದು ಮೊಳೆಯ ತೂಕವೆಂದು ತಿಳಿಯಿರಿ. ಸ್ತ್ರೀಯರಲ್ಲಿ ಅದು ಇನ್ನೂ ಕಡಿಮೆ. ಆದರೆ ಇಷ್ಟು ಅಲ್ಪ ಕಬ್ಬಿಣವಿಲ್ಲದೆ ರಕ್ತದಲ್ಲಿ ಹಿಮೋಗ್ಲೋಬಿನ್ ಎಂಬ ಕೆಂಪು ವಸ್ತುವು ತಯಾರಾಗದು. ಹಿಮೋಗ್ಲೋಬಿನ್ ಇಲ್ಲದಿದ್ದರೆ ನಾವು ಉಸಿರಾಡಿದ ಆಮ್ಲಜನಕವು ಕೈಕಾಲುಗಳಿಗಾಗಲಿ, ಮಿದುಳಿಗಾಗಲಿ, ಗರ್ಭದಲ್ಲಿರುವ ಶಿಶುವಿಗಾಗಲಿ ತಲುಪದು. ಕಬ್ಬಿಣಾಂಶದ ಕೊರತೆಯಿಂದ ಉಂಟಾಗುವ ಈ ಸ್ಥಿತಿಯನ್ನೇ ರಕ್ತಹೀನತೆ ಎನ್ನುತ್ತೇವೆ.

ಸ್ತ್ರೀಯ ದೇಹದಿಂದ ಪ್ರತಿ ತಿಂಗಳೂ ಮುಟ್ಟಿನಲ್ಲಿ ಸಾಮಾನ್ಯವಾಗಿ 30ರಿಂದ 40 ಮಿಲಿಲೀಟರ್ ರಕ್ತವು ಹೊರಹೋಗುತ್ತದೆ. ಅದರೊಡನೆ ಸುಮಾರು 15ರಿಂದ 20 ಮಿಲಿಗ್ರಾಂ ಕಬ್ಬಿಣವೂ ಹೋಗುತ್ತದೆ. ಒಂದು ಬಸಿರು ಮತ್ತು ಹೆರಿಗೆಗೆ ಒಟ್ಟು 1 ಗ್ರಾಮಿನಷ್ಟು ಕಬ್ಬಿಣ ಬೇಕಾಗುತ್ತದೆ. ಈ ಖರ್ಚನ್ನು ಊಟದಿಂದ ತುಂಬಿಕೊಳ್ಳದಿದ್ದರೆ ತಾಯಿಯು ತನ್ನ ಕೂಡಿಟ್ಟ ನಿಧಿಯಿಂದಲೇ ತೆರಬೇಕಾಗುತ್ತದೆ. ನಿಧಿ ಬರಿದಾದ ಮೇಲೆ ಆಯಾಸ, ಏದುಸಿರು, ತಲೆಸುತ್ತು, ನಾಲಿಗೆ ಮತ್ತು ಕಣ್ಣಿನ ಕೆಳರೆಪ್ಪೆ ಬಿಳಿಚಿಕೊಳ್ಳುವುದು ಮುಂತಾದ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಕೆಲವರಿಗೆ ಮಣ್ಣು, ಸುಣ್ಣ, ಹಸಿ ಅಕ್ಕಿ ತಿನ್ನುವ ಆಸೆಯೂ ಹುಟ್ಟುತ್ತದೆ. ಇದನ್ನು ಬಯಕೆಯೆಂದು ನಕ್ಕು ಬಿಡಬಾರದು. ಇದು ಕೊರತೆಯ ಸೂಚನೆಯಾಗಿರಬಹುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಭಾರತದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರ ಪೈಕಿ ನೂರಕ್ಕೆ 57 ಮಂದಿಗೆ ರಕ್ತಹೀನತೆಯಿತ್ತು. ಕರ್ನಾಟಕದಲ್ಲಿ ಈ ಸಂಖ್ಯೆಯು ನೂರಕ್ಕೆ ಸುಮಾರು 48. ಅಂದರೆ ನಮ್ಮ ರಾಜ್ಯದಲ್ಲಿ ಹೆಚ್ಚುಕಡಿಮೆ ಇಬ್ಬರು ಸ್ತ್ರೀಯರಲ್ಲಿ ಒಬ್ಬರು. ರಕ್ತಹೀನತೆಯಿರುವ ತಾಯಿಗೆ ಹೆರಿಗೆಯ ಸಮಯದಲ್ಲಿ ಸ್ವಲ್ಪ ಹೆಚ್ಚು ರಕ್ತಸ್ರಾವವಾದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಗಟ್ಟಿಮುಟ್ಟಾದ ಹೆಂಗಸು ಸಹಿಸಿಕೊಳ್ಳುವ ಸ್ರಾವವು ಇಂಥ ತಾಯಿಯ ಪ್ರಾಣಕ್ಕೇ ಎರವಾಗಬಹುದು. ಶಿಶುವು ತೂಕ ಕಡಿಮೆಯಾಗಿ, ದಿನ ತುಂಬದೆ ಹುಟ್ಟಬಹುದು.

ಈ ಪಾಠದಲ್ಲಿ ಆಸ್ಪತ್ರೆಯ ವಿಷಯಕ್ಕಿಂತ ಅಡುಗೆಮನೆಯ ವಿಷಯವೇ ಹೆಚ್ಚು. ಕಬ್ಬಿಣದ ಪಾತ್ರೆಯಲ್ಲಿ ಅಡುಗೆ ಮಾಡುವುದರಿಂದ ಈ ಕೊರತೆಯು ಎಷ್ಟರಮಟ್ಟಿಗೆ ನೀಗುತ್ತದೆ, ಎಷ್ಟರಮಟ್ಟಿಗೆ ನೀಗುವುದಿಲ್ಲ, ಆ ಪಾತ್ರೆಯನ್ನು ತುಕ್ಕು ಹಿಡಿಯದಂತೆ ಇಟ್ಟುಕೊಳ್ಳುವುದು ಹೇಗೆ ಎಂಬುದನ್ನು ತಿಳಿಯೋಣ.

ಅಟ್ಟ ಸೇರಿದ ಪಾತ್ರೆ

ಟೇಕಲ್ ಹೋಬಳಿಯ ಹಳ್ಳಿಗಳಲ್ಲಿ ಇಂದಿಗೂ ಅನೇಕ ಮನೆಗಳಲ್ಲಿ ದೋಸೆಗೆ, ರೊಟ್ಟಿಗೆ ಕಬ್ಬಿಣದ ಹೆಂಚನ್ನೇ ಬಳಸುತ್ತಾರೆ. ಮಾಲೂರು ತಾಲ್ಲೂಕಿನವರಿಗೆ ಹೆಂಚು ಎಂದೊಡನೆ ಕಾರ್ಖಾನೆಯ ಮಾಡಿನ ಹೆಂಚೂ ನೆನಪಿಗೆ ಬರುತ್ತದೆ. ಎರಡಕ್ಕೂ ಒಂದೇ ಹೆಸರಿರುವುದು ಆಕಸ್ಮಿಕವಲ್ಲ. ಹಿಂದೆ ರೊಟ್ಟಿಯನ್ನು ಮಣ್ಣಿನ ಹೆಂಚಿನ ಮೇಲೆಯೇ ಸುಡುತ್ತಿದ್ದರು, ಕಬ್ಬಿಣದ್ದು ಬಂದ ಮೇಲೆಯೂ ಹೆಸರು ಮಾತ್ರ ಹಾಗೆಯೇ ಉಳಿಯಿತು. ಆದರೆ ಸಾರು, ಗೊಜ್ಜು, ಪಲ್ಯ ಬೇಯಿಸುತ್ತಿದ್ದ ಕಬ್ಬಿಣದ ಬಾಣಲೆ, ಅಂದರೆ ನೀವು ಬಾಂಡ್ಲಿ ಎನ್ನುವ ಪಾತ್ರೆಯು ಬಹಳ ಮನೆಗಳಲ್ಲಿ ಒಲೆಯಿಂದ ಇಳಿದು ಅಟ್ಟ ಸೇರಿದೆ. ಕೆಲವೆಡೆ ಗುಜರಿಯವನ ತಕ್ಕಡಿಯನ್ನೂ ಏರಿದೆ. ಅದರ ಜಾಗಕ್ಕೆ ಅಲ್ಯುಮಿನಿಯಂ, ಸ್ಟೀಲ್, ಅಂಟದ ಲೇಪನದ ತವೆ ಬಂದಿವೆ. ಇವು ಹಗುರ, ತೊಳೆಯಲು ಸುಲಭ, ನಿಜ. ಆದರೆ ಇವುಗಳಿಂದ ಆಹಾರಕ್ಕೆ ಹೇಳಿಕೊಳ್ಳುವಷ್ಟು ಕಬ್ಬಿಣವು ಬರುವುದಿಲ್ಲ.

ಇನ್ನೊಂದು ವಿಚಿತ್ರವನ್ನೂ ಇಲ್ಲಿ ಹೇಳಬೇಕು. ನಾವು ಕಿಲೋ ಲೆಕ್ಕದಲ್ಲಿ ಗುಜರಿಗೆ ಹಾಕುವ ಎರಕದ ಬಾಣಲೆಯಂಥದ್ದನ್ನೇ ಬೆಂಗಳೂರಿನ ಅಂಗಡಿಗಳಲ್ಲಿ ಈಗ ಅಂದವಾಗಿ ಜೋಡಿಸಿ ಒಳ್ಳೆಯ ಬೆಲೆಗೆ ಮಾರುತ್ತಾರೆ. ಟೇಕಲ್ ನಿಲ್ದಾಣದಲ್ಲಿ ರೈಲು ಹತ್ತಿ ಪಟ್ಟಣಕ್ಕೆ ದುಡಿಯಲು ಹೋಗುವವರು ಇದನ್ನು ಕಂಡಿರಬಹುದು. ಮನೆಯಲ್ಲಿ ಅಜ್ಜಿಯ ಕಾಲದ ಬಾಣಲೆ ಇದ್ದರೆ ಹೊಸದಕ್ಕೆ ಹಣ ಹಾಕುವ ಮೊದಲು ಅಟ್ಟವನ್ನು ಒಮ್ಮೆ ನೋಡಿ.

ಕಬ್ಬಿಣವು ಊಟಕ್ಕೆ ಬರುವ ಬಗೆ

ಕಬ್ಬಿಣವು ಹುಳಿಗೆ ಕರಗುತ್ತದೆ. ಟೊಮೇಟೊ, ಹುಣಸೆ, ನಿಂಬೆ, ಮಾವಿನಕಾಯಿ ಹಾಕಿದ ನೀರಾದ ಅಡುಗೆಯು ಕಬ್ಬಿಣದ ಪಾತ್ರೆಯಲ್ಲಿ ಕುದಿಯುವಾಗ ಪಾತ್ರೆಯ ಮೈಯಿಂದ ಕಣ್ಣಿಗೆ ಕಾಣದಷ್ಟು ಕಬ್ಬಿಣವು ಬಿಟ್ಟುಕೊಂಡು ಅಡುಗೆಗೆ ಸೇರುತ್ತದೆ. ಹುಳಿ, ನೀರು, ಕುದಿಯುವ ಹೊತ್ತು ಈ ಮೂರೂ ಹೆಚ್ಚಿದಷ್ಟು ಕಬ್ಬಿಣವೂ ಹೆಚ್ಚುತ್ತದೆ. ಅಮೆರಿಕದ ಆಹಾರ ತಜ್ಞರು 1986ರಲ್ಲಿ ಇದನ್ನು ಅಳೆದು ಪ್ರಕಟಿಸಿದರು. ಟೊಮೇಟೊದಿಂದ ಮಾಡಿದ ಒಂದು ಬಗೆಯ ಗೊಜ್ಜಿನಲ್ಲಿ 100 ಗ್ರಾಮಿಗೆ ಸುಮಾರು 0.6 ಮಿಲಿಗ್ರಾಂ ಇದ್ದ ಕಬ್ಬಿಣವು, ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದಾಗ ಸುಮಾರು 5.8 ಮಿಲಿಗ್ರಾಮಿಗೆ ಏರಿತ್ತು. ಆದರೆ ಅದೇ ಕಬ್ಬಿಣದ ಪಾತ್ರೆಯಲ್ಲಿ ಬೇಯಿಸಿದ ಮುಸುಕಿನ ಜೋಳದ ರೊಟ್ಟಿಯಲ್ಲಿ ಅಂಥ ಏರಿಕೆಯೇನೂ ಕಾಣಲಿಲ್ಲ.

ಈ ಕೊನೆಯ ಮಾತನ್ನು ವಿಶೇಷವಾಗಿ ಗಮನಿಸಬೇಕು. ‘ನಮ್ಮ ಮನೆಯಲ್ಲಿ ದೋಸೆ, ರೊಟ್ಟಿಯೆಲ್ಲ ಕಬ್ಬಿಣದ ಹೆಂಚಿನ ಮೇಲೆಯೇ, ಆದ್ದರಿಂದ ನಮಗೆ ಕಬ್ಬಿಣಕ್ಕೆ ಕೊರತೆಯಿಲ್ಲ’ ಎಂದು ಹೇಳುವವರು ಅನೇಕರಿದ್ದಾರೆ. ಇದು ತಪ್ಪು ತಿಳಿವಳಿಕೆ. ಎಣ್ಣೆ ಕುಡಿದು ಕಪ್ಪಗೆ ಪಳಗಿದ ಹೆಂಚಿನ ಮೇಲೆ ಒಂದೆರಡು ನಿಮಿಷ ಬೇಯುವ ದೋಸೆಗೆ ಬರುವ ಕಬ್ಬಿಣವು ತೀರ ಅಲ್ಪ. ರಕ್ತಕ್ಕೆ ನೆರವಾಗುವುದು ಹುಳಿ ಬೇಯುವ ಬಾಣಲೆ. ಹೆಂಚಿನ ಗುಣವಿರುವುದು ಅಂಟದಿರುವುದರಲ್ಲಿ, ಬಾಣಲೆಯ ಗುಣವಿರುವುದು ಬಿಟ್ಟುಕೊಡುವುದರಲ್ಲಿ. ಆದುದರಿಂದ ಇವೆರಡನ್ನೂ ನೋಡಿಕೊಳ್ಳುವ ಕ್ರಮವೂ ಒಂದೇ ಅಲ್ಲ.

ಈಗ ಒಂದು ಸಣ್ಣ ಲೆಕ್ಕ. ಬಾಣಲೆಯಿಂದ ದಿನಕ್ಕೆ 5 ಮಿಲಿಗ್ರಾಂ ಹೆಚ್ಚುವರಿ ಕಬ್ಬಿಣವು ತಟ್ಟೆಗೆ ಬಂದಿತೆನ್ನಿ. ಇದು ಸೊಪ್ಪು, ಕಾಳುಗಳಲ್ಲಿರುವ ಕಬ್ಬಿಣದಂಥದ್ದೇ, ತಿಂದದ್ದೆಲ್ಲವೂ ರಕ್ತಕ್ಕೆ ಸೇರುವುದಿಲ್ಲ. ಹತ್ತರಲ್ಲಿ ಒಂದು ಪಾಲು ಸೇರಿದರೂ ದಿನಕ್ಕೆ ಅರ್ಧ ಮಿಲಿಗ್ರಾಂ, ತಿಂಗಳಿಗೆ 15 ಮಿಲಿಗ್ರಾಂ ಆಯಿತು. ಮುಟ್ಟಿನಲ್ಲಿ ಹೋಗುವುದು ಹೆಚ್ಚುಕಡಿಮೆ ಇಷ್ಟೇ ಅಲ್ಲವೇ? ಎಲ್ಲ ಮನೆಗಳಲ್ಲಿಯೂ ಇಷ್ಟು ಬಂದೇ ಬರುತ್ತದೆಂದು ಹೇಳಲಾಗದು. ಪಾತ್ರೆ, ಹುಳಿ, ಉಣ್ಣುವ ಪ್ರಮಾಣ ಎಲ್ಲವೂ ಬೇರೆ ಬೇರೆ. ಆದರೂ ಕಾಸಿಲ್ಲದೆ ದಿನವೂ ದೊರೆಯುವ ನೆರವನ್ನು ಅಟ್ಟದ ಮೇಲೆ ಇಡುವುದು ಜಾಣತನವಲ್ಲ.

ಇಥಿಯೋಪಿಯಾ ದೇಶದಲ್ಲಿ 2ರಿಂದ 5 ವರ್ಷದ ಮಕ್ಕಳಿರುವ ಕೆಲವು ಮನೆಗಳಿಗೆ ಕಬ್ಬಿಣದ ಪಾತ್ರೆಗಳನ್ನೂ, ಇನ್ನು ಕೆಲವಕ್ಕೆ ಅಲ್ಯುಮಿನಿಯಂ ಪಾತ್ರೆಗಳನ್ನೂ ಕೊಟ್ಟು ಒಂದು ವರ್ಷ ನೋಡಿದರು. 1999ರಲ್ಲಿ ಪ್ರಕಟವಾದ ಆ ವರದಿಯಂತೆ ಕಬ್ಬಿಣದ ಪಾತ್ರೆಯ ಮನೆಗಳಲ್ಲಿ ಮಕ್ಕಳ ಹಿಮೋಗ್ಲೋಬಿನ್ ಸರಾಸರಿ 1.7 ಗ್ರಾಂ ಏರಿದರೆ, ಅಲ್ಯುಮಿನಿಯಂ ಪಾತ್ರೆಯ ಮನೆಗಳಲ್ಲಿ ಏರಿದ್ದು 0.4 ಗ್ರಾಂ ಮಾತ್ರ. ಆದರೆ ಆಫ್ರಿಕಾದ ಇನ್ನೊಂದು ದೇಶವಾದ ಮಲಾವಿಯ ಹಳ್ಳಿಗಳಲ್ಲಿ ಇಂಥದೇ ಪ್ರಯತ್ನ ನಡೆದಾಗ ಅನೇಕ ಮನೆಯವರು ಪಾತ್ರೆಯನ್ನು ಸರಿಯಾಗಿ ಬಳಸಲೇ ಇಲ್ಲ. ಭಾರ, ತುಕ್ಕು ಎಂಬುದೇ ಅವರ ದೂರು. ನಮ್ಮ ಹೆಂಗಸರೂ ಅದನ್ನೇ ಹೇಳುತ್ತಾರೆ. ತುಕ್ಕಿಗೆ ಬೇಸತ್ತು ಮೂಲೆಗಿಟ್ಟ ಪಾತ್ರೆಯಿಂದ ಯಾರ ರಕ್ತವೂ ಹೆಚ್ಚುವುದಿಲ್ಲ. ಪಾತ್ರೆಯ ಆರೈಕೆಯ ವಿಷಯವು ಆರೋಗ್ಯ ಇಲಾಖೆಯ ಪುಸ್ತಿಕೆಗೆ ಬಂದಿರುವುದು ಈ ಕಾರಣದಿಂದಲೇ.

ಕೊಳ್ಳುವಾಗ

ಕಬ್ಬಿಣದ ಪಾತ್ರೆಗಳಲ್ಲಿ ಎರಡು ಬಗೆ. ಕರಗಿಸಿ ಅಚ್ಚಿಗೆ ಸುರಿದದ್ದು ಎರಕದ ಕಬ್ಬಿಣ, ಇದನ್ನು ಬೀಡು ಎಂದೂ ಕರೆಯುವರು. ದಪ್ಪ, ಭಾರ, ಕೈಗೆ ಸ್ವಲ್ಪ ಒರಟು. ಬಡಿದು ಅಥವಾ ತಗಡನ್ನು ಒತ್ತಿ ಮಾಡಿದ್ದು ತೆಳ್ಳಗೆ, ಹಗುರ. ಕಬ್ಬಿಣ ದೊರೆಯುವ ಮಟ್ಟಿಗೆ ಎರಡೂ ಆಗುತ್ತವೆ. ಬೀಡಿನ ಪಾತ್ರೆಯು ಕಾಯಲು ತಡವಾದರೂ ಕಾದ ಮೇಲೆ ಶಾಖವನ್ನು ಬಹಳ ಹೊತ್ತು ಹಿಡಿದಿಡುತ್ತದೆ. ಆದರೆ ಕೆಳಗೆ ಬಿದ್ದರೆ ಅಥವಾ ಕಾದಿರುವಾಗ ತಣ್ಣೀರು ಸುರಿದರೆ ಬಿರುಕು ಬಿಡುತ್ತದೆ. ಸೌದೆ ಉಳಿಸಬೇಕೆನ್ನುವ ಮನೆಗೆ, ಕೈಯಲ್ಲಿ ಶಕ್ತಿ ಕಡಿಮೆಯಿರುವ ಬಸುರಿ ಬಾಣಂತಿಯರಿಗೆ ತೆಳು ಬಾಣಲೆಯೇ ಅನುಕೂಲವೆಂದು ನನ್ನ ಅಭಿಪ್ರಾಯ.

ಬೆರಳಿನಿಂದ ತಟ್ಟಿ ನೋಡಿ. ಗಂಟೆಯಂತೆ ನಾದ ಬಂದರೆ ಒಳ್ಳೆಯದು, ಒಡಕು ಸದ್ದು ಬಂದರೆ ಬಿರುಕಿರಬಹುದು. ಬಣ್ಣ ಬಳಿದದ್ದು, ಪಿಂಗಾಣಿಯಂಥ ಲೇಪನವಿರುವುದು ಬೇಡ. ಲೇಪನದ ಅಡಿಯಲ್ಲಿರುವ ಕಬ್ಬಿಣವು ಆಹಾರಕ್ಕೆ ಬರುವುದಿಲ್ಲ. ಹಳೆಯ ಡಬ್ಬ, ಪೀಪಾಯಿ, ಬಣ್ಣದ ತಗಡುಗಳನ್ನು ಕತ್ತರಿಸಿ ಮಾಡಿದ ಪಾತ್ರೆಗಳನ್ನು ಅಡುಗೆಗೆ ಎಂದಿಗೂ ಬಳಸಬಾರದು.

ಪಳಗಿಸುವುದು

ಹೊಸ ಪಾತ್ರೆಗೆ ಅಂಗಡಿಯವರು ತುಕ್ಕು ಹಿಡಿಯದಿರಲೆಂದು ಯಂತ್ರದ ಎಣ್ಣೆಯನ್ನೋ ಮೇಣವನ್ನೋ ಸವರಿರುತ್ತಾರೆ. ಅದನ್ನು ಬಿಸಿನೀರು ಮತ್ತು ಸೋಪಿನಿಂದ ಎರಡು ಮೂರು ಬಾರಿ ಚೆನ್ನಾಗಿ ಉಜ್ಜಿ ತೊಳೆಯಬೇಕು. ಸೀಗೆಪುಡಿಯೂ ಆಗುತ್ತದೆ. ಬಟ್ಟೆಯಿಂದ ಒರಸಿದಾಗ ಬಟ್ಟೆಗೆ ಜಿಡ್ಡು ಹತ್ತದಿದ್ದರೆ ತೊಳೆದದ್ದು ಸಾಕು. ನಮ್ಮ ಕಡೆ ಇದಾದ ಮೇಲೆ ಒಂದು ರಾತ್ರಿ ಅಕ್ಕಿ ತೊಳೆದ ನೀರನ್ನೋ ಗಂಜಿಯನ್ನೋ ತುಂಬಿಡುವ ವಾಡಿಕೆಯುಂಟು. ಅದರಿಂದ ಮೊದಲ ಕಸರು ಬಿಡುತ್ತದೆ, ಹಾನಿಯೇನೂ ಇಲ್ಲ. ಬೆಳಿಗ್ಗೆ ಆ ನೀರನ್ನು ಚೆಲ್ಲಿ ತೊಳೆದು ಒಲೆಯ ಮೇಲಿಟ್ಟು ಪೂರ್ತಿ ಒಣಗಿಸಬೇಕು.

ಅನಂತರ ಎಣ್ಣೆಯ ಕೆಲಸ. ಪಾತ್ರೆಯು ಮುಟ್ಟಲು ಬಿಸಿಯೆನಿಸುವಷ್ಟು ಕಾದಾಗ ಕೆಳಗಿಳಿಸಿ, ಕಡಲೆಕಾಯಿ ಎಣ್ಣೆಯನ್ನೋ ಮನೆಯಲ್ಲಿರುವ ಬೇರೆ ಅಡುಗೆ ಎಣ್ಣೆಯನ್ನೋ ಬಟ್ಟೆಯ ತುಂಡಿನಿಂದ ಒಳಗೂ ಹೊರಗೂ ಸವರಿ. ಆಮೇಲೆ ಇನ್ನೊಂದು ಒಣಬಟ್ಟೆಯಿಂದ, ಹಚ್ಚಿದ ಎಣ್ಣೆಯನ್ನೆಲ್ಲ ತೆಗೆದುಬಿಡುವವರಂತೆ ಒರಸಬೇಕು. ಬಹಳ ಜನರು ಎಡವುವುದು ಇಲ್ಲಿಯೇ. ಎಣ್ಣೆ ಹೆಚ್ಚಾದರೆ ಅದು ಗಟ್ಟಿಯಾಗದೆ ಅಂಟಂಟಾಗಿ ಉಳಿಯುತ್ತದೆ, ಧೂಳು ಹಿಡಿಯುತ್ತದೆ, ಕೆಲವು ದಿನಗಳಲ್ಲಿ ಕಮಟು ವಾಸನೆ ಬರುತ್ತದೆ. ತೆಳುವಾಗಿ ಸವರಿದ ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟು, ಹೊಗೆಯೆದ್ದು ಆ ಹೊಗೆಯು ತಾನಾಗಿ ಅಡಗುವವರೆಗೆ ಕಾಯಿಸಿ. ಕಿಟಕಿ ಬಾಗಿಲುಗಳು ತೆರೆದಿರಲಿ, ಕೂಸನ್ನು ಆ ಹೊತ್ತಿಗೆ ಹೊರಗೆ ಕರೆದೊಯ್ಯಿರಿ. ತಣ್ಣಗಾದ ಮೇಲೆ ಇದೇ ರೀತಿ ಇನ್ನೆರಡು ಮೂರು ಸಲ ಮಾಡಬೇಕು. ಎಣ್ಣೆಯು ಕಾದು ಕಬ್ಬಿಣದ ಮೈಗೆ ಕಚ್ಚಿಕೊಂಡು ಕಪ್ಪು ಪೊರೆಯಾಗುತ್ತದೆ. ಪಳಗುವುದೆಂದರೆ ಇದೇ.

ದೋಸೆಯ ಹೆಂಚಿಗೆ ಈ ಪೊರೆಯು ಎಷ್ಟು ಗಟ್ಟಿಯಾದರೆ ಅಷ್ಟು ಒಳ್ಳೆಯದು. ಮೊದಲ ಕೆಲವು ದಿನ ಅದರ ಮೇಲೆ ಎಣ್ಣೆ ಸ್ವಲ್ಪ ಧಾರಾಳವಾಗಿ ಹಾಕಿ ಈರುಳ್ಳಿಯನ್ನು ಬಾಡಿಸಿರಿ. ದೋಸೆ ಹುಯ್ಯುವ ಮುನ್ನ ಅರ್ಧ ಹೋಳು ಮಾಡಿದ ಈರುಳ್ಳಿಗೆ ಎಣ್ಣೆ ಅದ್ದಿ ಉಜ್ಜುವ ನಿಮ್ಮ ಪದ್ಧತಿಯು ಬಹಳ ಒಳ್ಳೆಯದು, ಬಿಡಬೇಡಿ. ಆ ಹೆಂಚಿನ ಮೇಲೆ ಹುಳಿಯ ಪದಾರ್ಥವನ್ನು ಬೇಯಿಸಬಾರದು, ಪೊರೆಯು ಕಿತ್ತುಹೋಗುತ್ತದೆ.

ಹುಳಿಯ ಬಾಣಲೆಗೆ ಇಷ್ಟೆಲ್ಲ ಬೇಕಿಲ್ಲ. ಒಂದೆರಡು ಸಲ ತೆಳುವಾಗಿ ಎಣ್ಣೆ ಕಾಯಿಸಿದರೆ ಸಾಕು. ಪ್ರತಿಸಲ ಗೊಜ್ಜು ಬೇಯಿಸಿದಾಗಲೂ ಅದರ ಪೊರೆಯು ಸ್ವಲ್ಪ ಸವೆಯುತ್ತದೆ, ಮೈಯು ಬೂದು ಬಣ್ಣಕ್ಕೆ ತಿರುಗುತ್ತದೆ. ಹೆದರುವ ಕಾರಣವಿಲ್ಲ, ನಿಮಗೆ ಬೇಕಾದದ್ದೂ ಅದೇ. ಸಾಧ್ಯವಾದಲ್ಲಿ ಹೆಂಚು ಬೇರೆ, ಬಾಣಲೆ ಬೇರೆ ಇರಲಿ.

ದಿನದ ಆರೈಕೆ

ತುಕ್ಕಿಗೆ ಬೇಕಾದದ್ದು ನೀರು ಮತ್ತು ಗಾಳಿ. ಗಾಳಿಯನ್ನು ತಡೆಯಲಾಗದು, ನೀರನ್ನು ತಡೆಯಬಹುದು. ಅಡುಗೆಯಾದೊಡನೆ ಸಾರನ್ನೋ ಗೊಜ್ಜನ್ನೋ ಸ್ಟೀಲ್ ಪಾತ್ರೆಗೆ ಬಗ್ಗಿಸಿಬಿಡಿ. ಕಬ್ಬಿಣದ ಬಾಣಲೆಯಲ್ಲಿಯೇ ರಾತ್ರಿಯವರೆಗೆ ಬಿಟ್ಟರೆ ರುಚಿ ಒಗರಾಗುತ್ತದೆ, ಬಣ್ಣ ಕಪ್ಪಾಗುತ್ತದೆ. ‘ಕಬ್ಬಿಣದ ಬಾಂಡ್ಲಿಯಲ್ಲಿ ಮಾಡಿದ ಸಾರು ಚೆನ್ನಾಗಿರುವುದಿಲ್ಲ’ ಎಂಬ ಅತ್ತೆಯ ಮಾತಿಗೆ ಬಹಳ ಸಲ ಇದೇ ಮೂಲ. ಸೊಪ್ಪು, ಬದನೆಕಾಯಿ, ಹುಣಸೆ ಮುಂತಾದುವು ಬೇಯುವಾಗ ತುಸು ಕಪ್ಪಾಗುವುದು ಸಹಜ. ಅದು ವಿಷವಲ್ಲ.

ಪಾತ್ರೆಯು ಬೆಚ್ಚಗಿರುವಾಗಲೇ ಬಿಸಿನೀರು ಹಾಕಿ ತೆಂಗಿನ ನಾರಿನಿಂದ ಉಜ್ಜಬೇಕು. ಅಂಟಿದ್ದು ಬಿಡದಿದ್ದರೆ ನೀರು ಹಾಕಿ ಐದು ನಿಮಿಷ ಕುದಿಸಿ, ಮರದ ಸೌಟಿನಿಂದ ಕೆರೆಯಿರಿ. ಹರಳುಪ್ಪು ಹಾಕಿ ಉಜ್ಜಿದರೂ ಹೋಗುತ್ತದೆ. ಸ್ವಲ್ಪ ಸೋಪು ತಾಕಿದರೆ ಪಾತ್ರೆ ಕೆಡುತ್ತದೆಂಬುದು ಸರಿಯಲ್ಲ, ಬಾಣಲೆಗೆ ಬೇಕಾದಾಗ ಬಳಸಬಹುದು. ಆದರೆ ಒಲೆಯ ಬೂದಿಯಿಂದ ದಿನವೂ ಬೆಳಗುವುದು ಹೆಂಚಿಗೆ ಒಳ್ಳೆಯದಲ್ಲ. ಬೂದಿಯಲ್ಲಿರುವ ಕ್ಷಾರವು ಜಿಡ್ಡನ್ನು ತೆಗೆಯುವಂತೆಯೇ ಪಳಗಿದ ಪೊರೆಯನ್ನೂ ತೆಗೆದುಬಿಡುತ್ತದೆ. ಹಿತ್ತಾಳೆ ಚೊಂಬನ್ನು ಫಳಫಳ ಹೊಳೆಯಿಸುವ ಗೃಹಿಣಿಗೆ ಹೆಂಚನ್ನು ಕಪ್ಪಗೆ ಬಿಡುವುದು ಮನಸ್ಸಿಗೆ ಒಗ್ಗದಿರಬಹುದು. ಹೆಂಚಿಗೆ ಕಪ್ಪೇ ಶುಭ್ರ.

ತೊಳೆದ ಪಾತ್ರೆಯನ್ನು ಬೋರಲು ಹಾಕಿ ನೀರು ತಾನಾಗಿ ಸೋರಿಹೋಗಲೆಂದು ಬಿಡಬಾರದು. ಒರಸಿ, ಒಲೆಯ ಮೇಲೆ ಒಂದು ನಿಮಿಷ ಇಟ್ಟು, ಬಿಸಿಯಿರುವಾಗಲೇ ಒಂದು ಹನಿ ಎಣ್ಣೆಯನ್ನು ಬಟ್ಟೆಯಿಂದ ಸವರಿ ಇಟ್ಟರೆ ಮಳೆಗಾಲದಲ್ಲಿಯೂ ತುಕ್ಕು ಹಿಡಿಯದು. ಇದಕ್ಕೆ ಹಿಡಿಯುವ ಹೊತ್ತು ಎರಡು ನಿಮಿಷ. ಬಚ್ಚಲಿನಲ್ಲಿ ರಾತ್ರಿಯೆಲ್ಲ ನೆನೆಯಲು ಬಿಟ್ಟರೆ ಬೆಳಿಗ್ಗೆಗೆ ಕೆಂಪು ತುಕ್ಕು ಖಂಡಿತ.

ಅಟ್ಟದಿಂದ ಇಳಿಸಿದ ಹಳೆಯ ಬಾಣಲೆಯು ಪೂರ್ತಿ ಕೆಂಪಾಗಿದ್ದರೂ ಎಸೆಯಬೇಕಿಲ್ಲ. ಸಣ್ಣ ಮರಳು, ಇಟ್ಟಿಗೆಯ ಪುಡಿ ಅಥವಾ ತಂತಿಯ ಬ್ರಷ್ಷಿನಿಂದ ಬೂದು ಬಣ್ಣದ ಹಸಿ ಕಬ್ಬಿಣ ಕಾಣುವವರೆಗೆ ಉಜ್ಜಿ, ತೊಳೆದು, ಒಣಗಿಸಿ, ಮೊದಲಿನಿಂದ ಪಳಗಿಸಿ. ಹುಣಸೆಹಣ್ಣಿನ ನೀರು ಹಾಕಿ ಅರ್ಧ ಗಂಟೆ ಬಿಟ್ಟರೆ ಮೊಂಡು ತುಕ್ಕೂ ಸಡಿಲವಾಗುತ್ತದೆ. ಬಿರುಕಿದ್ದರೆ ಮಾತ್ರ ಅದು ಅಡುಗೆಗೆ ಬಾರದು. ತುಕ್ಕಿನಲ್ಲಿಯೂ ಕಬ್ಬಿಣವಿದೆಯಲ್ಲ, ಅದನ್ನೇ ತಿಂದರಾಗದೇ ಎಂದು ಕೇಳುವವರುಂಟು. ತುಕ್ಕಿನ ಕಬ್ಬಿಣವು ಕರಗಿ ರಕ್ತಕ್ಕೆ ಸೇರುವುದು ಬಹಳ ಕಷ್ಟ. ತುಕ್ಕು ಬಂದ ಪಾತ್ರೆಯಲ್ಲಿ ಅಡುಗೆ ಬೇಡ.

ಏನನ್ನು ಬೇಯಿಸಬೇಕು

ಕೋಲಾರ ಜಿಲ್ಲೆಯವರಿಗೆ ಟೊಮೇಟೊಗೆ ಬರವಿಲ್ಲ. ಕೋಲಾರದ ಟೊಮೇಟೊ ಮಾರುಕಟ್ಟೆಯು ಏಷ್ಯಾದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಬೆಲೆ ಕುಸಿದಾಗ ಹಣ್ಣನ್ನು ರಸ್ತೆಗೆ ಸುರಿಯುವ ದುಃಖವನ್ನೂ ನಾವು ಕಂಡವರೇ. ಟೊಮೇಟೊ ಗೊಜ್ಜು, ಹುಣಸೆ ಹಾಕಿದ ಹುರುಳಿಕಾಳಿನ ಸಾರು, ಮಸ್ಸೊಪ್ಪು, ಹೊಲದ ಬದುವಿನಲ್ಲಿ ಕಿತ್ತು ತಂದ ಬೆರಕೆ ಸೊಪ್ಪಿನ ಸಾರು, ಮಾವಿನಕಾಯಿ ಹಾಕಿದ ಬೇಳೆ ಇವೆಲ್ಲವೂ ಬಾಣಲೆಗೆ ತಕ್ಕ ಅಡುಗೆಗಳು. ಇಡೀ ಸಾರನ್ನು ಬಾಣಲೆಯಲ್ಲಿ ಮಾಡಲು ಜಾಗ ಸಾಲದಿದ್ದರೆ ಟೊಮೇಟೊ, ಈರುಳ್ಳಿ, ಹುಣಸೆರಸಗಳನ್ನು ಮಾತ್ರ ಅದರಲ್ಲಿ ಹದಿನೈದು ಇಪ್ಪತ್ತು ನಿಮಿಷ ಬೇಯಿಸಿ, ಅನಂತರ ಬೆಂದ ಬೇಳೆಗೆ ಕೂಡಿಸಬಹುದು. ಹಾಲು ಕಾಯಿಸಲು, ಮಜ್ಜಿಗೆಹುಳಿಗೆ ಬೇರೆ ಪಾತ್ರೆಯೇ ಇರಲಿ.

ರಾಗಿಯ ಬಗ್ಗೆ ಒಂದು ಮಾತು. ‘ರಾಗಿ ಉಂಡವನಿಗೆ ರೋಗವಿಲ್ಲ’ ಎಂಬ ನಂಬಿಕೆ ನಮ್ಮ ಸೀಮೆಯದು. ರಾಗಿಯಲ್ಲಿ 100 ಗ್ರಾಮಿಗೆ ಸುಮಾರು 350 ಮಿಲಿಗ್ರಾಂ ಸುಣ್ಣದ ಅಂಶವಿದೆ. ಮೂಳೆಗೆ ಇಷ್ಟು ಒಳ್ಳೆಯ ಧಾನ್ಯ ಮತ್ತೊಂದಿಲ್ಲವೆಂದರೂ ಸಲ್ಲುತ್ತದೆ. ಕಬ್ಬಿಣವೂ ಇದೆ. ಆದರೆ ಅದರ ಹೊಟ್ಟಿನಲ್ಲಿರುವ ಫೈಟೇಟ್ ಮತ್ತು ಟ್ಯಾನಿನ್ ಎಂಬ ವಸ್ತುಗಳು ಕಬ್ಬಿಣವನ್ನು ಹಿಡಿದಿಟ್ಟುಕೊಂಡು ದೇಹಕ್ಕೆ ಸುಲಭವಾಗಿ ಬಿಡುವುದಿಲ್ಲ. ಆದ್ದರಿಂದ ಮೂರು ಹೊತ್ತು ಮುದ್ದೆ ಉಣ್ಣುವ ತಾಯಿಗೂ ರಕ್ತಹೀನತೆ ಬರಬಹುದು. ಮುದ್ದೆಯನ್ನು ಬಿಡಿರೆಂದು ನಾನು ಹೇಳುತ್ತಿಲ್ಲ. ರಾಗಿಯನ್ನು ನೆನೆಸಿ ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಈ ತೊಡಕು ಬಹಳಷ್ಟು ಕಡಿಮೆಯಾಗುತ್ತದೆ. ಊಟದ ಜೊತೆ ನಿಂಬೆಹಣ್ಣು ಹಿಂಡಿದರೆ, ಸೀಬೆಹಣ್ಣನ್ನೋ ನೆಲ್ಲಿಕಾಯನ್ನೋ ತಿಂದರೆ ಅದರಲ್ಲಿರುವ ‘ಸಿ’ ಜೀವಸತ್ತ್ವವು ಕಬ್ಬಿಣವನ್ನು ರಕ್ತಕ್ಕೆ ಸೇರಿಸಲು ನೆರವಾಗುತ್ತದೆ.

ಊಟದ ಬೆನ್ನಿಗೇ ಕಾಫಿ, ಟೀ ಕುಡಿಯುವುದು ಇದಕ್ಕೆ ನೇರ ವಿರುದ್ಧ. ಬಾಣಲೆಯಿಂದ ಬಂದ ಕಬ್ಬಿಣವನ್ನೂ ಟೀಯ ಒಗರು ಹಿಡಿದುಬಿಡುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆಯ ಅಂತರವಿರಲಿ.

ಬಾಣಲೆಯು ಔಷಧವಲ್ಲ

ಇಲ್ಲಿಯವರೆಗೆ ಹೇಳಿದ್ದನ್ನು ಓದಿ ಯಾವ ಗರ್ಭಿಣಿಯಾಗಲಿ ಮಾತ್ರೆಯನ್ನು ಬಿಟ್ಟರೆ ಈ ಪಾಠದಿಂದ ಉಪಕಾರಕ್ಕಿಂತ ಅಪಕಾರವೇ ಹೆಚ್ಚಾಗುತ್ತದೆ. ಗರ್ಭಿಣಿಯ ಹಿಮೋಗ್ಲೋಬಿನ್ 11 ಗ್ರಾಮಿಗಿಂತ ಕಡಿಮೆಯಾದರೆ ಅದು ರಕ್ತಹೀನತೆ. 7ಕ್ಕಿಂತ ಕಡಿಮೆಯಾದರೆ ತೀವ್ರ ಸ್ವರೂಪದ್ದು, ಆಸ್ಪತ್ರೆಗೇ ಹೋಗಬೇಕು. ಅಂಥ ಕೊರತೆಯನ್ನು ಬಾಣಲೆಯಾಗಲಿ ಸೊಪ್ಪಾಗಲಿ ಹೆರಿಗೆಯೊಳಗೆ ತುಂಬಿಕೊಡಲಾರವು.

ನಮ್ಮ ದೇಶದಲ್ಲಿ ಕಬ್ಬಿಣದ ಮಾತ್ರೆ ಹಂಚುವ ಕಾರ್ಯಕ್ರಮವು 1970ರಲ್ಲಿ ಆರಂಭವಾಯಿತು. 2018ರಿಂದ ಇದು ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮವೆಂದು ನಡೆಯುತ್ತಿದೆ. ಗರ್ಭಿಣಿಗೆ ನಾಲ್ಕನೆಯ ತಿಂಗಳಿನಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ಕೆಂಪು ಮಾತ್ರೆಯನ್ನು ಉಚಿತವಾಗಿ ಕೊಡಲಾಗುತ್ತದೆ. ಒಂದು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಮತ್ತು 500 ಮೈಕ್ರೋಗ್ರಾಂ ಫೋಲಿಕ್ ಆಮ್ಲವಿರುತ್ತದೆ. ಬಾಣಲೆಯ 5 ಮಿಲಿಗ್ರಾಮಿನೊಡನೆ ಇದನ್ನು ಹೋಲಿಸಿ ನೋಡಿ. ವಾಕರಿಕೆ ಬರುವವರು ರಾತ್ರಿ ಊಟವಾದ ಮೇಲೆ ಮಾತ್ರೆ ನುಂಗಬಹುದು. ಮಲವು ಕಪ್ಪಾಗುವುದು ಸಹಜ. ಕ್ಯಾಲ್ಸಿಯಂ ಮಾತ್ರೆಯನ್ನು ಇದರ ಜೊತೆಗೇ ತೆಗೆದುಕೊಳ್ಳದೆ ಎರಡು ಗಂಟೆಯ ಅಂತರ ಕೊಡಬೇಕು. ‘ಮಾತ್ರೆ ನುಂಗಿದರೆ ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಮಗು ಕಪ್ಪಾಗುತ್ತದೆ’ ಎಂಬ ಮಾತುಗಳಲ್ಲಿ ಹುರುಳಿಲ್ಲ.

ಮಾತ್ರೆಗೆ ಸಕ್ಕರೆಯ ಲೇಪನವಿರುವುದರಿಂದ ಸಣ್ಣ ಮಕ್ಕಳು ಅದನ್ನು ಪೆಪ್ಪರಮೆಂಟೆಂದು ತಿಳಿದು ತಿನ್ನುವ ಅಪಾಯವಿದೆ. ಕೆಲವೇ ಮಾತ್ರೆಗಳೂ ಚಿಕ್ಕ ಮಗುವಿನ ಪ್ರಾಣ ತೆಗೆಯಬಲ್ಲವು. ಅವನ್ನು ಮಕ್ಕಳ ಕೈಗೆಟಕದಂತೆ ಎತ್ತರದಲ್ಲಿಡಿ. ಮಗು ತಿಂದಿದೆಯೆಂಬ ಅನುಮಾನ ಬಂದರೂ, ಆರಾಮವಾಗಿದೆಯೆಂದು ಕಾಯದೆ ತಕ್ಷಣ ಆಸ್ಪತ್ರೆಗೆ ಕರೆತನ್ನಿ.

ರಕ್ತ ಪರೀಕ್ಷೆಯನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮಾಡಲಾಗುತ್ತದೆ. ಪ್ರತಿ ತಿಂಗಳ 9ನೆಯ ತಾರೀಖಿನಂದು ಗರ್ಭಿಣಿಯರ ವಿಶೇಷ ತಪಾಸಣೆಯಿರುತ್ತದೆ. ಆಶಾ ಕಾರ್ಯಕರ್ತೆಯು ಕರೆದಾಗ ‘ಇವತ್ತು ಹೊಲದ ಕೆಲಸವಿದೆ’ ಎನ್ನಬೇಡಿ. ಮಾತ್ರೆ ನುಂಗಿದರೂ ರಕ್ತ ಏರದಿದ್ದರೆ ಜಂತುಹುಳು, ಹೆಚ್ಚು ಮುಟ್ಟಿನ ಸ್ರಾವ ಮುಂತಾದ ಬೇರೆ ಕಾರಣಗಳಿರಬಹುದು, ವೈದ್ಯರು ಪರೀಕ್ಷಿಸಿ ತಿಳಿಸುವರು. ಥಲಸ್ಸೀಮಿಯಾದಂಥ ಹುಟ್ಟುಕಾಯಿಲೆಯಿಂದ ಪದೇಪದೇ ರಕ್ತ ಹಾಕಿಸಿಕೊಳ್ಳುವವರ ದೇಹದಲ್ಲಿ ಕಬ್ಬಿಣವು ಮೊದಲೇ ಹೆಚ್ಚಾಗಿರುತ್ತದೆ. ಅಂಥವರಿಗೆ ಮಾತ್ರ ಕಬ್ಬಿಣದ ಪಾತ್ರೆಯ ಹುಳಿ ಅಡುಗೆ ತಕ್ಕದ್ದಲ್ಲ.

ಹೆರಿಗೆಯಲ್ಲಿ ಬರಿದಾದ ನಿಧಿಯು ಮತ್ತೆ ತುಂಬಲು ಕಾಲ ಬೇಕು. ಒಂದು ಹೆರಿಗೆಯಾಗಿ ಕನಿಷ್ಠ ಎರಡು ವರ್ಷ ಕಳೆಯುವವರೆಗೆ ಮತ್ತೆ ಗರ್ಭ ನಿಲ್ಲದಂತೆ ನೋಡಿಕೊಳ್ಳುವುದು ಒಳ್ಳೆಯದು. ತೀವ್ರ ರಕ್ತಹೀನತೆಯಿರುವವರು ವಿಧಾನವನ್ನು ಆರಿಸುವಾಗ ವೈದ್ಯರನ್ನು ಕೇಳಬೇಕು. ವಂಕಿ, ಅಂದರೆ ಕಾಪರ್-ಟಿ ಹಾಕಿಸಿದ ಮೊದಲ ಕೆಲವು ತಿಂಗಳು ಮುಟ್ಟಿನ ಸ್ರಾವವು ಹೆಚ್ಚಾಗಬಹುದು, ನುಂಗುವ ಗುಳಿಗೆಯಿಂದ ಸ್ರಾವವು ಕಡಿಮೆಯಾಗುವುದುಂಟು. ನಿರೋಧ್ ಬಳಸಿದರೆ ಈ ಪ್ರಶ್ನೆಯೇ ಏಳದು. ಮಕ್ಕಳು ಸಾಕೆನಿಸಿದ ದಂಪತಿಗಳಲ್ಲಿ ಗಂಡಸಿಗೆ ಮಾಡುವ ಹೊಲಿಗೆಯಿಲ್ಲದ ಶಸ್ತ್ರಚಿಕಿತ್ಸೆಯು ಕೆಲವೇ ನಿಮಿಷಗಳದು.

ಯಜಮಾನರಿಗೆ

ಅಡುಗೆಯ ವಿಷಯ ನಮಗೇಕೆ ಎಂದು ಇಲ್ಲಿಯವರೆಗೆ ಪುಟ ತಿರುವಿದ ಗಂಡಸರು ಇದನ್ನಾದರೂ ಓದಬೇಕು. ದೇಶದ ಪೋಷಣಾ ತಜ್ಞರು 2020ರಲ್ಲಿ ಸೂಚಿಸಿದಂತೆ ಗಂಡಸಿಗೆ ದಿನಕ್ಕೆ 19 ಮಿಲಿಗ್ರಾಂ ಕಬ್ಬಿಣ ಸಾಕಾದರೆ ಹೆಂಗಸಿಗೆ 29 ಮಿಲಿಗ್ರಾಂ ಬೇಕು. ಆದರೆ ನಮ್ಮ ಮನೆಗಳಲ್ಲಿ ಮೊದಲು ಉಣ್ಣುವವರು ಗಂಡಸರು, ಆಮೇಲೆ ಮಕ್ಕಳು, ಕೊನೆಗೆ ಅಡುಗೆ ಮಾಡಿದವಳು. ಬಾಣಲೆಯ ತಳದಲ್ಲಿ ಗೊಜ್ಜು ಉಳಿದಿದ್ದರೆ ಉಂಟು, ಇಲ್ಲದಿದ್ದರೆ ಉಪ್ಪು ಮೆಣಸಿನಕಾಯಿ. ಹೀಗಾದರೆ ಪಾತ್ರೆ ಯಾವುದಾದರೇನು? ಒಟ್ಟಿಗೆ ಕುಳಿತು ಉಣ್ಣಿ, ಅಥವಾ ಆಕೆಯ ಪಾಲನ್ನು ಮೊದಲೇ ಎತ್ತಿಡಿಸಿ.

ಬೀಡಿನ ಬಾಣಲೆಯು ತುಂಬಿದಾಗ ಬಹಳ ಭಾರ. ಅದನ್ನು ಒಲೆಯಿಂದ ಇಳಿಸುವುದು, ಉಜ್ಜುವುದು, ಎಣ್ಣೆ ಕಾಯಿಸಿ ಪಳಗಿಸುವುದು ಗಂಡಸು ಮಾಡಬಹುದಾದ ಕೆಲಸಗಳೇ. ಗುದ್ದಲಿ, ಮಚ್ಚುಗಳಿಗೆ ಎಣ್ಣೆ ಸವರಿ ಇಡುವ ಕೈಗೆ ಬಾಣಲೆಯೇನೂ ಹೊಸದಲ್ಲ. ಎರಕದ ಹಿಡಿಯೂ ಪಾತ್ರೆಯಷ್ಟೇ ಕಾಯುತ್ತದೆ, ಮಸಿಬಟ್ಟೆಯಿಲ್ಲದೆ ಮುಟ್ಟಬಾರದು. ಒದ್ದೆಯಾದ ಮಸಿಬಟ್ಟೆಯೂ ಸಲ್ಲದು, ಬಿಸಿಯು ಅದರ ಮೂಲಕ ಬೇಗ ಕೈಗೆ ತಾಕುತ್ತದೆ. ಕೈ ಸುಟ್ಟರೆ ತಣ್ಣೀರನ್ನು ಇಪ್ಪತ್ತು ನಿಮಿಷ ಹರಿಯಬಿಡಿ. ಪೇಸ್ಟು, ಅರಿಶಿನ, ಶಾಯಿ ಯಾವುದನ್ನೂ ಬಳಿಯಬೇಡಿ.

ಕೆಲವು ಪ್ರಶ್ನೆಗಳು

ಕಬ್ಬಿಣದ ಪಾತ್ರೆಯ ಊಟದಿಂದ ಗಂಡಸರಿಗೆ, ಮುದುಕರಿಗೆ ತೊಂದರೆಯೇ? ಸಾಮಾನ್ಯ ಆರೋಗ್ಯವಂತರಿಗೆ ಇಲ್ಲ. ಬೇಕಾದಷ್ಟಿದ್ದಾಗ ದೇಹವು ತಾನಾಗಿಯೇ ಕಡಿಮೆ ಹೀರಿಕೊಳ್ಳುತ್ತದೆ.

ಕೂಸಿಗೆ ಕೊಡಬಹುದೇ? ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲು ಮಾತ್ರ. ಅನಂತರ ಮೇಲುಣಿಸು ಆರಂಭಿಸಿದಾಗ ಬಾಣಲೆಯಲ್ಲಿ ಬೆಂದ ಬೇಳೆ, ಸೊಪ್ಪುಗಳನ್ನು ಖಾರವಿಲ್ಲದೆ ಮಸೆದು ಕೊಡಬಹುದು.

ಗ್ಯಾಸ್ ಒಲೆಯ ಮೇಲೆ ಆಗುತ್ತದೆಯೇ? ಆಗುತ್ತದೆ. ಮೊದಲು ಸಣ್ಣ ಉರಿಯಲ್ಲಿ ನಿಧಾನವಾಗಿ ಕಾಯಿಸಿ, ಅನಂತರ ಉರಿ ಏರಿಸಿ. ಒಮ್ಮೆಗೇ ದೊಡ್ಡ ಉರಿ ಕೊಟ್ಟರೆ ಎರಕದ ಪಾತ್ರೆಯು ನಡುವೆ ಮಾತ್ರ ಕಾದು ಸೀಳುವುದುಂಟು.

ಹೊಸ ಬಾಣಲೆಯು ಹೆಚ್ಚು ಕಬ್ಬಿಣ ಬಿಡುತ್ತದೆಯೇ, ಹಳೆಯದೇ? ಹೊಸದು. ಹಳೆಯದಾಗಿ ಪೊರೆ ದಪ್ಪವಾದಂತೆ ಕಡಿಮೆಯಾಗುತ್ತದೆ. ಹುಳಿಯ ಬಾಣಲೆಯು ಹೆಂಚಿನಂತೆ ನುಣ್ಣಗೆ ಕಪ್ಪಾಗಿಬಿಟ್ಟಿದೆಯೆಂದು ಕಂಡರೆ ಅದನ್ನು ಒಮ್ಮೆ ಬೂದಿ ಹಾಕಿ ಗಟ್ಟಿಯಾಗಿ ಬೆಳಗಿ, ತೊಳೆದು ಒಣಗಿಸಿ, ಒಂದೇ ಒಂದು ಸಲ ತೆಳುವಾಗಿ ಎಣ್ಣೆ ಕಾಯಿಸಿ ಮತ್ತೆ ಗೊಜ್ಜಿಗೆ ಇಡಿ.